ಭಾನುವಾರಕ್ಕೆ ಮೊದಲು ಲ್ಯಾಪ್‌ಟಾಪ್ ಸಿದ್ಧವಿರಲಿ

ಎಲ್ಲರಿಗೂ ನಮಸ್ಕಾರ. ಬ್ಲಾಕ್‌ಚೈನ್ ಅಭ್ಯಾಸಕ್ಕೆ ಭಾನುವಾರ ಬೆಳಿಗ್ಗೆ 10ಕ್ಕೆ ಶಿರಸಿಯಲ್ಲಿ, ನಮ್ಮ ಮನೆಯ ಜಗಲಿಯಲ್ಲೇ ಸೇರೋಣ. ಕಾರವಾರ, ಕುಮಟಾ ಕಡೆಯವರು ದೇವಿಮನೆ ಘಟ್ಟದ ಮಳೆ ನೋಡಿಕೊಂಡು ಬೇಗ ಹೊರಡಿ. ಈ ದಿನಗಳಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬುವಂತಿಲ್ಲ. ಡೌನ್‌ಲೋಡ್ ಎಲ್ಲವನ್ನೂ ಮನೆಯಲ್ಲೇ ಮುಗಿಸಿ, ಚಾರ್ಜ್ ತುಂಬಿಸಿಕೊಂಡು ಬನ್ನಿ.

ವಿಂಡೋಸ್ ಇರುವವರು ಮೊದಲು ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿ, ಅದರೊಳಗೆ ಉಬುಂಟು ಎಂಬ ಲಿನಕ್ಸ್ ತೆರೆಯಿರಿ. ನಂತರ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡಲು), ನೋಡ್ ಜೆಎಸ್‌ನ (ಜಾವಾಸ್ಕ್ರಿಪ್ಟ್ ಓಡಿಸಲು) ಎಲ್‌ಟಿಎಸ್ ಎಂಬ ದೀರ್ಘಕಾಲ ಬೆಂಬಲವಿರುವ ಆವೃತ್ತಿ, ವಿಎಸ್ ಕೋಡ್ (ಕೋಡ್ ಬರೆಯಲು), ಹಾರ್ಡ್‌ಹ್ಯಾಟ್ (ಬ್ಲಾಕ್‌ಚೈನ್ ಪ್ರೋಗ್ರಾಂ ಪರೀಕ್ಷಿಸಲು). ಪ್ರಾಜೆಕ್ಟ್ ಫೋಲ್ಡರ್ ಉಬುಂಟುವಿನ ಒಳಗೇ ಇರಲಿ. ಸಿ ಡ್ರೈವ್‌ನಲ್ಲಿಟ್ಟರೆ ಆಮೆ ನಡಿಗೆ. ಒಮ್ಮೆ ಕಂಪೈಲ್ ಮಾಡಿಯೇ (ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದೇ) ಬನ್ನಿ, ಏಕೆಂದರೆ ನಾವು ಬರೆಯುವ ಸಾಲಿಡಿಟಿ ಭಾಷೆಯ ಕಂಪೈಲರ್ ಮೊದಲ ಸಲ ನೆಟ್‌ನಿಂದಲೇ ಇಳಿಯುತ್ತದೆ. ಕಳೆದ ಬಾರಿ ಇದನ್ನು ಮರೆತ ನಾನು ಕೊಡೆ ಹಿಡಿದುಕೊಂಡು ಸೊಪ್ಪಿನ ಬೆಟ್ಟ ಹತ್ತಿ, ಉಂಬಳ ಕಿತ್ತುಹಾಕುತ್ತ ಸಿಗ್ನಲ್ ಹುಡುಕಿದ್ದೆ.

ಹಾರ್ಡ್‌ಹ್ಯಾಟ್ ನೋಡ್ (ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುವ ಅಭ್ಯಾಸದ ಬ್ಲಾಕ್‌ಚೈನ್) ಚಾಲೂ ಮಾಡಿದರೆ 20 ಖಾತೆಗಳೂ ತಲಾ 10,000 ಈಥರ್‌ಗಳೂ (ಎಥೀರಿಯಂ ಬ್ಲಾಕ್‌ಚೈನ್‌ನ ನಾಣ್ಯ) ಕಾಣಿಸುತ್ತವೆ. ಹಿಗ್ಗಬೇಡಿ, ಎಲ್ಲವೂ ಆಟದ ದುಡ್ಡು. ಆ ಖಾತೆಗಳ ಖಾಸಗಿ ಕೀಲಿಗಳು (ಖಾತೆಯ ಹಣ ತೆಗೆಯಲು ಬೇಕಾದ ಗುಟ್ಟಿನ ಸಂಖ್ಯೆಗಳು) ಜಗತ್ತಿಗೆಲ್ಲ ಗೊತ್ತು. ಅಲ್ಲಿಗೆ ನಿಜವಾದ ಹಣ ಕಳುಹಿಸಿದರೆ ಹೋದಂತೆಯೇ. ಮೆಟಾಮಾಸ್ಕ್ ಎಂಬ ಡಿಜಿಟಲ್ ಪರ್ಸನ್ನು ಪ್ರತ್ಯೇಕ ಬ್ರೌಸರ್ ಪ್ರೊಫೈಲ್‌ನಲ್ಲಿ ಹಾಕಿ, ಹೊಸ ಖಾತೆ ತೆರೆದು ಎಥೀರಿಯಂನ ಸೆಪೋಲಿಯಾ ಪರೀಕ್ಷಾ ಜಾಲಕ್ಕೆ ಮಾತ್ರ ಬಳಸಿ. ಖಾತೆಯನ್ನು ಮರಳಿ ಪಡೆಯಲು ಮೆಟಾಮಾಸ್ಕ್ ಕೊಡುವ 12 ಗುಟ್ಟಿನ ಪದಗಳನ್ನು ಕಾಗದದಲ್ಲಿ ಬರೆದಿಡಿ. ದಯವಿಟ್ಟು ಅದರ ಸ್ಕ್ರೀನ್‌ಶಾಟ್ ಈ ಗುಂಪಿಗೆ ಹಾಕಬೇಡಿ. ಹಾಕಿದವರನ್ನು ಬೈಯುವುದು ಖಂಡಿತ.

ಊಟ ನಮ್ಮಲ್ಲೇ, ತಂಬುಳಿ ಇರುತ್ತದೆ. ಉದ್ದನೆಯ ಎಕ್ಸ್‌ಟೆನ್ಶನ್ ಬೋರ್ಡ್ ಇರುವವರು ತನ್ನಿ. ಜಗಲಿಯಲ್ಲಿ ಇರುವುದು ಒಂದೇ ಪ್ಲಗ್.