ಮಗಳಿಗೊಂದು ಪತ್ರ: ಬಾರ್ಸಿಲೋನಾದಲ್ಲಿ ಇರುವಷ್ಟು ದಿನ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಫೋನಿನಲ್ಲಿ ಹೇಳಲು ಹೋದರೆ ನಿನಗೆ ಮೆಟ್ರೊ ಬಂದುಬಿಡುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ಬಾರ್ಸಿಲೋನಾದವರ ಸ್ವಂತ ಭಾಷೆಯಾದ ಕ್ಯಾಟಲನ್ ಕಲಿಯುವ ತರಗತಿಗೆ ಸೇರುವುದಿಲ್ಲ, ಸ್ಪ್ಯಾನಿಷ್ ಬಂದರೆ ಸಾಕು, ಆ ಊರಲ್ಲಿ ಎಲ್ಲರಿಗೂ ಅದು ತಿಳಿಯುತ್ತದೆ ಎಂದೆಯಲ್ಲ. ತಿಳಿಯುತ್ತದೆ ಎನ್ನುವುದು ನಿಜವೇ. ಆದರೆ ನೀನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ, ವರ್ಷಗಟ್ಟಲೆ ಅಲ್ಲೇ ಇದ್ದೂ ಕನ್ನಡದ ಒಂದು ಮಾತಿನ ಗೋಜಿಗೂ ಹೋಗದವರನ್ನು ಕಂಡು ಎಷ್ಟು ನೊಂದುಕೊಳ್ಳುತ್ತಿದ್ದೆ! 'ಇಲ್ಲಿ ಎಲ್ಲರಿಗೂ ಹಿಂದಿ ಬರುತ್ತಲ್ಲ' ಎಂದು ಅವರು ಹೇಳುತ್ತಿದ್ದುದನ್ನು ಮನೆಗೆ ಬಂದು ನಮಗೆ ಒಪ್ಪಿಸುತ್ತಿದ್ದವಳು ನೀನೇ. ಅದೇ ಮಾತನ್ನು ಇನ್ನೊಂದು ಊರಿನ ಜನರಿಗೆ ನನ್ನ ಮಗಳು ಹೇಳಬಾರದು.

ಆ ಭಾಷೆ ಪಟ್ಟ ಪಾಡು ಸಣ್ಣದಲ್ಲ. 1939ರ ಜನವರಿಯಲ್ಲಿ ಬಾರ್ಸಿಲೋನಾ ಸರ್ವಾಧಿಕಾರಿ ಫ್ರಾಂಕೋನ ಸೇನೆಯ ಕೈಗೆ ಬಿದ್ದ ಮೇಲೆ ಶಾಲೆಯಲ್ಲಿ, ಕಚೇರಿಯಲ್ಲಿ, ಪತ್ರಿಕೆಯಲ್ಲಿ ಕ್ಯಾಟಲನ್‌ಗೆ ಜಾಗವಿಲ್ಲದಂತಾಯಿತು. 1975ರಲ್ಲಿ ಅವನು ಸಾಯುವವರೆಗೂ ಸರ್ಕಾರದ ಮಟ್ಟದಲ್ಲಿ ಅದಕ್ಕೆ ಮರ್ಯಾದೆ ಇರಲಿಲ್ಲ. ತಾಯಂದಿರು ಅಡುಗೆಮನೆಯಲ್ಲಿ ಮಾತಾಡಿ ಉಳಿಸಿಕೊಂಡ ಭಾಷೆ ಅದು. 1979ರಲ್ಲಿ ಆ ಊರಿರುವ ಕ್ಯಾಟಲೋನಿಯಾ ಪ್ರಾಂತಕ್ಕೆ ಸ್ವಾಯತ್ತೆ ಸಿಕ್ಕಿತು, 1983ರಲ್ಲಿ ಭಾಷಾ ಕಾನೂನು ಬಂತು, ಆಮೇಲೆ ಶಾಲೆಗಳು ಮತ್ತೆ ಕ್ಯಾಟಲನ್‌ನಲ್ಲಿ ಪಾಠ ಹೇಳತೊಡಗಿದವು. ಈಗ ಅದಕ್ಕಿರುವ ಆತಂಕ ಬೇರೆ: ಹೊರಗಿನಿಂದ ಬಂದವರಿಗೆ ಬೇಡವಾದರೆ ಪೇಟೆಯಲ್ಲಿ ಅದರ ದನಿ ಕ್ರಮೇಣ ತಗ್ಗುತ್ತದೆ. ಇದನ್ನು ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯಲು ಅಲ್ಲಿ ಅನುಕೂಲವೂ ಇದೆ. ಕ್ಯಾಟಲನ್ ಕಲಿಸುವುದಕ್ಕೆಂದೇ ಸರ್ಕಾರದ ಸಂಸ್ಥೆಯೊಂದಿದೆ, ಮೊದಲ ಹಂತದ ತರಗತಿಗಳಿಗೆ ಶುಲ್ಕವಿಲ್ಲ. ಕಲಿಯುವವರಿಗೆ ಊರಿನವರೊಬ್ಬರನ್ನು ಜೊತೆ ಮಾಡಿಕೊಟ್ಟು, ವಾರಕ್ಕೊಂದು ಗಂಟೆಯಂತೆ ಹತ್ತು ಗಂಟೆ ಬರೀ ಮಾತಾಡಿಸುವ ಸ್ವಯಂಸೇವಕರ ಯೋಜನೆಯೂ ಉಂಟು. ಒಂದು ಸಂಗತಿ ನೆನಪಿಡು. ಪರದೇಶದ ಮುಖ ಕಂಡ ಕೂಡಲೇ ಅವರು ಸೌಜನ್ಯಕ್ಕೆ ಸ್ಪ್ಯಾನಿಷ್‌ಗೆ ಹೊರಳುತ್ತಾರೆ, ನಾವು ಕನ್ನಡಿಗರು ಮಾಡುವ ಹಾಗೆಯೇ. ಆಗ ನೀನೇ, ದಯವಿಟ್ಟು ಕ್ಯಾಟಲನ್‌ನಲ್ಲೇ ಮಾತಾಡಿ, ಕಲಿಯುತ್ತಿದ್ದೇನೆ ಎಂದು ಕೇಳಿಕೊಳ್ಳಬೇಕು. ತಪ್ಪು ಮಾತಾಡಿದರೆ ಯಾರೂ ನಗುವುದಿಲ್ಲ.

ಊರಹಬ್ಬವಾದ ಮೆರ್ಸೆಯಲ್ಲಿ ನೀನು ತೆಗೆದು ಕಳಿಸಿದ ಮಾನವ ಗೋಪುರದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದೆನೋ. ಸಾಂಟ್ ಜೌಮೆ ಚೌಕದಲ್ಲಿ ಬುಡದವರು ಒಬ್ಬರ ಬೆನ್ನಿಗೊಬ್ಬರು ಎದೆಯೊತ್ತಿ, ಕೈ ಮುಂದೆ ಚಾಚಿ, ತಲೆ ತಗ್ಗಿಸಿ ನಿಂತಿದ್ದಾರೆ. ಅವರ ಮೇಲೆ ಬರಿಗಾಲಲ್ಲಿ ಹೆಗಲಿಂದ ಹೆಗಲಿಗೆ ಅಂತಸ್ತುಗಳು. ಸೊಂಟಕ್ಕೆ ಬಿಗಿದು ಸುತ್ತಿದ ಕಪ್ಪು ಪಟ್ಟಿಯಿದೆಯಲ್ಲ, ಅದು ಬೆನ್ನಿಗೆ ಆಸರೆ, ಹತ್ತುವವರಿಗೆ ಮೆಟ್ಟಿಲು. ಹೆಲ್ಮೆಟ್ ಹಾಕಿದ ಆ ಪುಟ್ಟ ಹುಡುಗಿ ತುದಿಗೆ ಹೋಗಿ, ಕ್ಷಣಮಾತ್ರ ಕೈ ಎತ್ತಿ, ಆಚೆ ಬದಿಯಿಂದ ಸರಸರ ಇಳಿದಳು. ಅವಳು ಇಳಿಯುವಾಗ ಮೂರನೆಯ ಅಂತಸ್ತಿನವನ ಮೊಣಕಾಲು ನಡುಗುತ್ತಿದ್ದುದನ್ನು ಗಮನಿಸಿದೆಯಾ? ಬುಡ ಮಾತ್ರ ಅಲುಗಲಿಲ್ಲ. ಬುಡದಲ್ಲಿರುವವರಿಗೆ ಮೇಲೆ ಏನಾಗುತ್ತಿದೆಯೆಂದು ಕಾಣುವುದೇ ಇಲ್ಲ. ಗ್ರಾಲ್ಯಾ ಎಂಬ ಊದುವಾದ್ಯದ ರಾಗ ಬದಲಾದಾಗ ಗೋಪುರ ಯಾವ ಹಂತಕ್ಕೆ ಬಂತೆಂದು ಕಿವಿಯಿಂದಲೇ ತಿಳಿದುಕೊಳ್ಳುತ್ತಾರೆ. ವಾಲ್ಸ್ ಎಂಬ ಊರಿನ ಕಡೆ ಹುಟ್ಟಿದ ಈ ಕಲೆಯನ್ನು 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬಹುಕಾಲ ಗಂಡಸರದ್ದೇ ಆಗಿತ್ತು. 1980ರ ದಶಕದಲ್ಲಿ ಹೆಣ್ಣುಮಕ್ಕಳು ಸೇರಿದ ಮೇಲೆ ಗೋಪುರಗಳು ಇನ್ನೂ ಎತ್ತರ ಏರಿದವು.

ಅಲ್ಲಿನ ತಂಡಗಳು ತಾಲೀಮಿಗೆ ಹೊಸಬರನ್ನು ಸೇರಿಸಿಕೊಳ್ಳುತ್ತವೆ, ಪರದೇಶದವರಾದರೂ ಸರಿ. ಮೇಲೆ ಹತ್ತಬೇಡ, ನಿನ್ನಮ್ಮನಿಗೆ ನಿದ್ದೆ ಬರುವುದಿಲ್ಲ. ಬುಡದಲ್ಲಿ ನಿಲ್ಲು. ಕೂಗುವ ಆಜ್ಞೆಗಳೆಲ್ಲ ಕ್ಯಾಟಲನ್‌ನಲ್ಲೇ ಇರುತ್ತವೆ, ಪುಸ್ತಕಕ್ಕಿಂತ ಬೇಗ ತಲೆಗೆ ಹೋಗುತ್ತವೆ. ಕ್ಲಾಸಿನ ಹುಡುಗ ಹುಡುಗಿಯರ ಗುಂಪಿನಾಚೆ ಯಾರೂ ಪರಿಚಯವಿಲ್ಲ ಎಂದು ಬೇಸರಪಟ್ಟೆಯಲ್ಲ, ಅದಕ್ಕೂ ಇದೇ ದಾರಿ.

ಇನ್ನು ನಕ್ಷೆ ಹಾಕುವ ನಿನ್ನ ಓದಿನ ವಿಷಯ. ನಾನು ನಗರ ಯೋಜನೆ ಇಲಾಖೆಯಲ್ಲಿ ಲೇಔಟ್ ನಕ್ಷೆ ನೋಡಿಕೊಂಡೇ ನಿವೃತ್ತನಾದವನು, ನೀನಿರುವ ಎಶಾಂಪ್ಲ ಬಡಾವಣೆಯ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಕೋಟೆಗೋಡೆಯ ಒಳಗೆ ಊರು ಉಸಿರುಗಟ್ಟಿ, ಕಾಲರಾ ಮೇಲಿಂದ ಮೇಲೆ ಜನರನ್ನು ತಿನ್ನುತ್ತಿದ್ದಾಗ 1854ರಲ್ಲಿ ಗೋಡೆ ಕೆಡವಲು ಶುರುಮಾಡಿದರು. ಹೊರಗಿನ ಬಯಲಿಗೆ ನಕ್ಷೆ ಹಾಕಿದವರು ಇಲ್ದೆಫೋನ್ಸ್ ಸೆರ್ದಾ, ವೃತ್ತಿಯಲ್ಲಿ ಸಿವಿಲ್ ಎಂಜಿನಿಯರ್. 113 ಮೀಟರ್ ಚೌಕದ ಬ್ಲಾಕುಗಳು, 20 ಮೀಟರ್ ಅಗಲದ ಬೀದಿಗಳು, ಪ್ರತಿ ಮೂಲೆಯನ್ನೂ ಓರೆಯಾಗಿ ಕತ್ತರಿಸಿದ ಕಟ್ಟಡಗಳು. ಮುಂದೊಂದು ದಿನ ಬೀದಿಯಲ್ಲೂ ಹಬೆಯ ಬಂಡಿ ಓಡುತ್ತದೆ, ಅದಕ್ಕೆ ತಿರುಗಲು ಜಾಗ ಬೇಕು ಎಂದು ಕಾರೇ ಇಲ್ಲದ ಕಾಲದಲ್ಲಿ ಯೋಚಿಸಿದ್ದರು.

ನನಗೆ ಆ ನಕ್ಷೆಗಿಂತ ದೊಡ್ಡದಾಗಿ ಕಾಣುವುದು ಅದಕ್ಕೆ ಮುಂಚೆ ಅವರು ಮಾಡಿದ ಕೆಲಸ. ಕೂಲಿಕಾರರ ಕೂಲಿ ಎಷ್ಟು, ಬಾಡಿಗೆಗೆ ಎಷ್ಟು ಹೋಗುತ್ತದೆ, ಹೊಟ್ಟೆಗೆ ಏನು ಬೀಳುತ್ತದೆ ಎಂದು 1856ರಲ್ಲಿ ಒಂದೊಂದಾಗಿ ಲೆಕ್ಕ ಹಾಕಿ ವರದಿ ಮಾಡಿದರು. ಜನರ ಬದುಕು ತಿಳಿದ ಮೇಲೆ ಗೆರೆ ಎಳೆದರು. ನೀನೂ ನಾಳೆ ಗೆರೆ ಎಳೆಯುವವಳು. ಅಲ್ಲಿನ ನಿವಾಸಿಗಳ ಸಂಘದ ಸಭೆಗೆ ಹೋಗಿ ಕೂತರೆ ಅಜ್ಜಿಯೊಬ್ಬರು ಬಾಡಿಗೆ ಏರಿದ್ದಕ್ಕೆ ಮನೆ ಬಿಟ್ಟ ಕತೆ ಹೇಳುತ್ತಿರುತ್ತಾರೆ. ಅವರು ದುಃಖ ಹೇಳಿಕೊಳ್ಳುವುದು ಅವರ ಭಾಷೆಯಲ್ಲಿ. ಅದು ನಿನ್ನ ಕಿವಿಗೆ ಬೀಳದಿದ್ದರೆ ನಿನ್ನ ನಕ್ಷೆಯಲ್ಲಿ ಅವರು ಎಲ್ಲಿರುತ್ತಾರೆ?

ಸೆರ್ದಾ ಬ್ಲಾಕಿನ ಎರಡೇ ಬದಿಗೆ ಮನೆ ಕಟ್ಟಿ ನಡುವೆ ತೋಟ ಬಿಡಿ ಎಂದಿದ್ದರು. ಭೂಮಿಯ ಬೆಲೆ ಏರಿದ್ದೇ ನಾಲ್ಕೂ ಬದಿ ಮುಚ್ಚಿದರು, ನಡುವಿನ ಅಂಗಳಕ್ಕೆ ವರ್ಕ್‌ಶಾಪು, ಗೋದಾಮು ತುಂಬಿದರು. ಪಾರ್ಕಿಗೆ ಬಿಟ್ಟ ಜಾಗ ಮಾಯವಾಗುವುದನ್ನು ನಾನು ಇಲ್ಲಿ ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಓದುವಾಗ ಸಂಕಟವಾಗುತ್ತದೆ. ಆದರೆ ಆ ಊರು ಕೆಲವು ಅಂಗಳಗಳನ್ನು ಬಿಡಿಸಿಕೊಂಡು ಮತ್ತೆ ಉದ್ಯಾನ ಮಾಡಿದೆ. ರೋಜರ್ ಡಿ ಲ್ಯೂರಿಯಾ ಬೀದಿಯಲ್ಲಿ ಹಳೆಯ ನೀರಿನ ಗೋಪುರವಿರುವ ಅಂಗಳ ಅಂಥದ್ದು, ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ನೀರಾಡುತ್ತಾರೆ. ತಪ್ಪದೆ ಹೋಗು.

ಕಡಲತೀರ ಚೆನ್ನಾಗಿದೆ ಎಂದು ಬರೆದಿದ್ದೀ. ಅದೂ ಕಟ್ಟಿದ್ದೇ ಮಗಳೇ. 1992ರ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿ ಕಾರ್ಖಾನೆ, ರೈಲು ಹಳಿಗಳಿದ್ದವು. ಆ ಸಲ ಊರನ್ನು ಸಮುದ್ರಕ್ಕೆ ತೆರೆದದ್ದು ಒಳ್ಳೆಯ ಕೆಲಸ. ಆಮೇಲೆ ಬಂದ ಪ್ರವಾಸಿಗರ ಪ್ರವಾಹವನ್ನು ಊರಿಗೆ ಇನ್ನೂ ತಡೆದುಕೊಳ್ಳಲಾಗುತ್ತಿಲ್ಲ. 2024ರ ಜುಲೈನಲ್ಲಿ ಜನ ಬೀದಿಗಿಳಿದು ಪ್ರವಾಸಿಗರ ಮೇಲೆ ಪಿಚಕಾರಿಯಿಂದ ನೀರು ಹಾರಿಸಿದ್ದನ್ನು ಇಲ್ಲಿಯ ಟಿವಿಯಲ್ಲೂ ತೋರಿಸಿದರು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸುಮಾರು 10,000 ಫ್ಲಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ಮುಂದುವರಿಸುವುದಿಲ್ಲ ಎಂದು ಮೇಯರ್ ಹೇಳಿದ್ದಾರೆ. ಆ ಸಿಟ್ಟು ನಿನ್ನ ಮೇಲಲ್ಲ, ಆದರೆ ಅದರ ಕಾರಣ ನಿನಗೆ ಗೊತ್ತಿರಲಿ.

ರೂಮಿನ ಕರಾರು ಹನ್ನೊಂದು ತಿಂಗಳದ್ದು ಎಂದೆ. ಅಲ್ಲಿ ಅದನ್ನು ತಾತ್ಕಾಲಿಕ ವಾಸದ ಕರಾರು ಎಂದು ಮಾಡಿಸಿಕೊಂಡು ಬಾಡಿಗೆ ಮಿತಿಯ ನಿಯಮದಿಂದ ಜಾರಿಕೊಳ್ಳಲು ನೋಡುವ ಮಾಲೀಕರಿದ್ದಾರೆ. ಸಹಿ ಹಾಕುವ ಮುಂಚೆ, ನಗರಸಭೆಯಲ್ಲಿ ಆ ವಿಳಾಸಕ್ಕೆ ನಿನ್ನ ವಾಸ ನೋಂದಾಯಿಸಲು ಮಾಲೀಕರು ಒಪ್ಪುತ್ತಾರಾ ಎಂದು ಕೇಳು. ಮುಂದಿನ ಎಷ್ಟೋ ಕಾಗದಪತ್ರಕ್ಕೆ ಅದೇ ಆಧಾರ. ಮುಂಗಡ ಕೊಟ್ಟದ್ದಕ್ಕೆ ರಸೀದಿ ಇರಲಿ.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿನ್ನಮ್ಮ ದಿನವೂ ಕೇಳುತ್ತಾಳೆ. ತರಕಾರಿ ಎಂದು ಕೊಡುವ ಪದಾರ್ಥದಲ್ಲೂ ಹಂದಿಮಾಂಸದ ಚೂರು ಇರುತ್ತದಂತೆ, ಮಾಂಸವೂ ಬೇಡ ಮೀನೂ ಬೇಡ ಎಂದು ಎರಡನ್ನೂ ಬಿಡಿಸಿ ಹೇಳು. ಸುಟ್ಟ ಬದನೆ, ದೊಣ್ಣೆಮೆಣಸಿನ ಎಸ್ಕಲಿವಾಡಾ ನಿನಗೆ ಹಿಡಿಸಬಹುದು. ಬೇಳೆ, ಅಕ್ಕಿಗೆ ರಾವಾಲ್‌ನ ಪಾಕಿಸ್ತಾನಿ, ಬಾಂಗ್ಲಾ ಅಂಗಡಿಗಳಿವೆ. ಮೆಟ್ರೊದಲ್ಲಿ, ರಾಂಬ್ಲಾ ಬೀದಿಯಲ್ಲಿ ಬ್ಯಾಗನ್ನು ಎದೆಯ ಮೇಲೆ ಹಾಕಿಕೊ, ಫೋನನ್ನು ಹೋಟೆಲ್ ಟೇಬಲ್ ಮೇಲಿಡಬೇಡ.

ನಿವಾಸದ ಕಾರ್ಡಿಗೆ ಬೆರಳಚ್ಚು ಕೊಡುವ ದಿನ ಸಿಕ್ಕಿತಾ? ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು, ಆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟವೆಂದು ಕೇಳಿದ್ದೇನೆ, ಬೆಳಗ್ಗೆ ಬೇಗನೆ ಎದ್ದು ಆನ್‌ಲೈನ್ ನೋಡು. ಫೀಸಿನ ಎರಡನೆಯ ಕಂತಿಗೆ ಬ್ಯಾಂಕಿನಲ್ಲಿ ಎಲ್ಲ ಸಿದ್ಧವಿದೆ, ಕಾಲೇಜಿನ ಪತ್ರವೊಂದನ್ನು ಕಳಿಸಿದರೆ ಸಾಕು. ಈ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದ ನಿಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಗ ನಮಗೂ ನಿನಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಹಾಗಾಗಿ ನಿನ್ನ ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಮಾಡು, ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ. ಕ್ಯಾಟಲನ್ ತರಗತಿಗೆ ಯಾವ ದಿನ ಹೆಸರು ಕೊಟ್ಟೆ ಎಂದು ಅವತ್ತು ಹೇಳು.

ಇಂತಿ ನಿನ್ನ
ಅಪ್ಪ