ಹವಾಮಾನ ತಂಡಕ್ಕೆ ಲೆಕ್ಕಾಧಿಕಾರಿಯೂ ಬೇಕು, ಪಂಪ್‌ಹೌಸ್ ನೌಕರನೂ ಬೇಕು

ಮಾನ್ಯ ಸಂಪಾದಕರೇ,

ಹವಾಮಾನ ಬದಲಾವಣೆಯನ್ನು ಎದುರಿಸುವ ಯೋಜನೆ ರೂಪಿಸಲು ಸ್ಥಳೀಯ ಸಂಸ್ಥೆಗಳು ತಮ್ಮದೇ ತಂಡ ರಚಿಸಿಕೊಳ್ಳಬೇಕೆಂಬ ಮಾತು ಹಲವೆಡೆ ಕೇಳಿಬರುತ್ತಿದೆ. ಮಾತು ಸರಿಯಾದದ್ದೇ. ಆದರೆ ಆ ತಂಡದಲ್ಲಿ ಯಾರಿರಬೇಕು, ಅದಕ್ಕೆ ಯಾವ ಅಧಿಕಾರ ಇರಬೇಕು ಎಂಬ ಚರ್ಚೆ ಮಾತ್ರ ನಡೆಯುತ್ತಿಲ್ಲ. ನಗರಾಡಳಿತದ ನೀರು ಸರಬರಾಜು ವಿಭಾಗದಲ್ಲಿ ಬಹುಕಾಲ ದುಡಿದವನಾಗಿ ಈ ಬಗ್ಗೆ ನನಗೆ ತೋಚಿದ್ದನ್ನು ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಸೇರಿದ ಡೇರ್‌ಬಿನ್ ನಗರಸಭೆ 2016ರ ಡಿಸೆಂಬರಿನಲ್ಲಿ ಹವಾಮಾನ ತುರ್ತುಸ್ಥಿತಿ ಘೋಷಿಸಿತು, ಅಂದರೆ ಹವಾಮಾನ ಬದಲಾವಣೆಯನ್ನು ತಡಮಾಡದೆ ಎದುರಿಸಬೇಕೆಂದು ಠರಾವು ಮಾಡಿತು. ಹಾಗೆ ಘೋಷಿಸಿದ ಮೊದಲ ಸ್ಥಳೀಯ ಸಂಸ್ಥೆ ಅದು; ಆಮೇಲೆ ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಆಡಳಿತಗಳು ಅದೇ ದಾರಿ ಹಿಡಿದಿವೆ. ಠರಾವು ಪಾಸಾಗುವುದು ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಮರುದಿನ, ಕಡತ ಪರಿಸರ ವಿಭಾಗದ ಒಬ್ಬ ಅಧಿಕಾರಿಯ ಮೇಜಿಗೆ ಬಂದು, ಇದ್ದ ಕೆಲಸದ ಜೊತೆಗೆ ಇದೂ ಒಂದು ಹೆಚ್ಚುವರಿ ಹೊಣೆಯಾದಾಗ. ಆ ಅಧಿಕಾರಿಯ ಕೈಯಲ್ಲಿ ಪಂಪೂ ಇಲ್ಲ, ರಸ್ತೆಯೂ ಇಲ್ಲ, ಕಸದ ವಾಹನವೂ ಇಲ್ಲ, ಹಣವಂತೂ ಇಲ್ಲವೇ ಇಲ್ಲ.

ನನಗೆ ಗೊತ್ತಿರುವ ಪಂಪಿನ ಉದಾಹರಣೆಯನ್ನೇ ಕೊಡುತ್ತೇನೆ. ಅಗತ್ಯಕ್ಕಿಂತ ದೊಡ್ಡ ಪಂಪನ್ನು ಕೂರಿಸಿ, ನೀರು ಜಾಸ್ತಿ ನುಗ್ಗುತ್ತದೆಂದು ಮುಂದಿನ ವಾಲ್ವನ್ನು ಅರ್ಧ ಮುಚ್ಚಿ ಓಡಿಸುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಪಂಪು ತನ್ನ ಶಕ್ತಿಯ ದೊಡ್ಡ ಪಾಲನ್ನು ಆ ಅರೆಮುಚ್ಚಿದ ವಾಲ್ವಿನ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ, ವಿದ್ಯುತ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಇದು ಪಂಪ್‌ಹೌಸಿನಲ್ಲಿ ರಾತ್ರಿಪಾಳಿ ಮಾಡುವ ನೌಕರನಿಗೆ ಗೊತ್ತು, ಬಿಲ್ಲು ಪಾವತಿಸುವ ಲೆಕ್ಕಾಧಿಕಾರಿಗೆ ಗೊತ್ತಿಲ್ಲ. ಮೊತ್ತ ಎಷ್ಟೆಂಬುದು ಲೆಕ್ಕಾಧಿಕಾರಿಗೆ ಗೊತ್ತು, ನೌಕರನಿಗೆ ಗೊತ್ತಿಲ್ಲ. ಸೋರಿಕೆಯ ಕಥೆಯೂ ಇದೇ. ಊರೆಲ್ಲ ಮಲಗಿರುವ ರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ ಮುಖ್ಯ ಕೊಳವೆಯ ಮೀಟರು ಜೋರಾಗಿ ತಿರುಗುತ್ತಿದ್ದರೆ ಆ ನೀರಿನ ಬಹುಪಾಲು ಮಣ್ಣಿಗೆ ಇಳಿಯುತ್ತಿದೆ ಎಂದೇ ಅರ್ಥ, ಅದರೊಡನೆ ಅದನ್ನು ಮೇಲೆತ್ತಲು ಸುರಿದ ವಿದ್ಯುತ್ತೂ. ಸ್ಥಳೀಯ ಸಂಸ್ಥೆಯೊಂದರ ಇಂಗಾಲದ ಲೆಕ್ಕ, ಅಂದರೆ ಅದರ ಕೆಲಸಗಳಿಂದ ಭೂಮಿಯ ಬಿಸಿ ಏರಿಸುವ ಅನಿಲ ಎಷ್ಟು ಹೊರಬೀಳುತ್ತದೆಂಬ ಲೆಕ್ಕ, ಇಂಥ ಲಾಗ್‌ಪುಸ್ತಕಗಳಲ್ಲಿ, ಬಿಲ್ಲುಗಳಲ್ಲಿ, ವಾಹನಗಳ ಡೀಸೆಲ್ ವಹಿಯಲ್ಲಿ ಆಗಲೇ ಬರೆದಿಟ್ಟಿರುತ್ತದೆ. ಲಕ್ಷಗಟ್ಟಲೆ ಕೊಟ್ಟು ಸಲಹಾ ಸಂಸ್ಥೆಯೊಂದನ್ನು ಕರೆಸುವ ಮೊದಲು ಇವನ್ನು ಒಂದು ಮೇಜಿನ ಮೇಲೆ ಹರಡಿ ನೋಡುವುದು ತಂಡದ ಮೊದಲ ಕೆಲಸವಾಗಬೇಕು.

ಕಸದ ವಿಷಯವನ್ನೂ ಇಲ್ಲಿ ಸೇರಿಸಬೇಕು. ಹಸಿ ಕಸ ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆತಾಗ ಹೊಮ್ಮುವ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. ಕಸ ಬೇರ್ಪಡಿಸುವುದನ್ನು ಬರೀ ಸ್ವಚ್ಛತೆಯ ವಿಷಯವೆಂದು ಬಗೆದಿರುವವರೆಗೂ ಆರೋಗ್ಯ ನಿರೀಕ್ಷಕರಿಗೆ ಈ ತಂಡದಲ್ಲಿ ಜಾಗ ಸಿಗುವುದಿಲ್ಲ.

ಇಂಥ ಅನಿಲಗಳನ್ನು ತಗ್ಗಿಸುವುದು ತಂಡದ ಕೆಲಸದ ಒಂದು ಪಾಲಾದರೆ, ಬಂದೇ ಬರುವ ಬಿಸಿಲು ಮಳೆಗಳಿಗೆ ಸಿದ್ಧವಾಗುವುದು ಇನ್ನೊಂದು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಸಾವುಗಳಾದ ಮೇಲೆ, 2013ರಲ್ಲಿ ಅಲ್ಲಿನ ಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ಮುನ್ಸೂಚನೆ ಬಂದೊಡನೆ ಯಾರು ಯಾರಿಗೆ ತಿಳಿಸಬೇಕು, ಆಸ್ಪತ್ರೆಗಳು ಏನು ಮಾಡಬೇಕು ಎಂಬುದನ್ನು ಅದು ಮೊದಲೇ ಗೊತ್ತುಪಡಿಸಿತು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ 2011ರ ಜುಲೈ 2ರ ಮೇಘಸ್ಫೋಟದಲ್ಲಿ ಮುಳುಗಿ, ಮರುವರ್ಷವೇ ಅದಕ್ಕೆಂದೇ ಯೋಜನೆ ಸಿದ್ಧಪಡಿಸಿ, ಹೆಚ್ಚುವರಿ ಮಳೆನೀರನ್ನು ಉದ್ಯಾನ ಮತ್ತು ರಸ್ತೆಗಳ ಮೇಲೆಯೇ ತಡೆದು ಹರಿಸುವ ದಾರಿ ಹಿಡಿಯಿತು. ಉದ್ಯಾನದವರು, ರಸ್ತೆಯವರು, ಚರಂಡಿಯವರು ಒಟ್ಟಿಗೆ ಕೂರದೆ ಇಂಥದ್ದು ಆಗುವುದಿಲ್ಲ. ಎರಡೂ ಕಡೆ ಪೆಟ್ಟು ಬಿದ್ದ ಮೇಲೆ ಎಚ್ಚರವಾಯಿತು ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ತಂಡದಲ್ಲಿ ನೀರು, ಕಸ, ರಸ್ತೆ, ಆರೋಗ್ಯ, ನಗರ ಯೋಜನೆ ಮತ್ತು ಲೆಕ್ಕಪತ್ರ ವಿಭಾಗಗಳಿಂದ ತೀರ್ಮಾನ ಕೈಗೊಳ್ಳಬಲ್ಲ ಒಬ್ಬೊಬ್ಬರು ಇರಲಿ, ಅವರ ಜೊತೆಗೆ ಕೆಳಹಂತದ ನೌಕರರಿಗೂ ಮಾತಿನ ಹಕ್ಕಿರಲಿ. ನಾಗರಿಕರನ್ನು ಸೇರಿಸುವಾಗ ಪ್ರತಿಬಾರಿಯೂ ಅವವೇ ಮುಖಗಳನ್ನು ಕರೆಯದೆ, ನೆರೆನೀರು ನುಗ್ಗುವ ತಗ್ಗುಪ್ರದೇಶದ ನಿವಾಸಿಗಳನ್ನೂ ಬಿಸಿಲಲ್ಲಿ ದುಡಿಯುವವರನ್ನೂ ಕರೆಯಬೇಕು. ಚುನಾವಣೆಯ ನಂತರವೂ ಯೋಜನೆ ಉಳಿಯಬೇಕಾದರೆ ವಿರೋಧಪಕ್ಷದ ಸದಸ್ಯರು ಮೊದಲ ದಿನದಿಂದಲೇ ಅದರಲ್ಲಿರುವುದು ಮೇಲು. ಕೊನೆಯದಾಗಿ, ತಂಡದ ಶಿಫಾರಸುಗಳು ಬಜೆಟ್ ಪೂರ್ವಭಾವಿ ಸಭೆಗೆ ಮುಂಚೆ ಲೆಕ್ಕಾಧಿಕಾರಿಯ ಕೈ ಸೇರಬೇಕು. ಬಜೆಟ್ ಮಂಡನೆಯಾದ ಮೇಲೆ ಬರುವ ವರದಿ ಎಷ್ಟೇ ಅಂದವಾಗಿದ್ದರೂ ಮುಂದಿನ ವರ್ಷದವರೆಗೆ ಬೀರುವಿನಲ್ಲೇ ಕಾಯಬೇಕಾಗುತ್ತದೆ.

ಇತಿ,
ಒಬ್ಬ ನಿವೃತ್ತ ಎಂಜಿನಿಯರ್