ಶನಿವಾರ ಪುಸ್ತಕದಂಗಡಿಯಲ್ಲೇ ಸೇರೋಣ

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಓದುಕೂಟ ಶನಿವಾರ ಸಂಜೆ 4ಕ್ಕೆ, ಮಂಗಳೂರು ಹಂಪನಕಟ್ಟೆಯ ನಮ್ಮ ಮಾಮೂಲಿ ಪುಸ್ತಕದಂಗಡಿಯಲ್ಲಿ.

ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದಾಗ ಎಲ್ಲರೂ ಅಯ್ಯೋ ಎಂದೆವು. ಆದರೆ ಕೊನೆಯ ವರ್ಷ ಅಲ್ಲಿ ಎಷ್ಟು ಪುಸ್ತಕ ಕೊಂಡಿದ್ದೆವು? ನಾನಂತೂ ಲೆಕ್ಕ ಹೇಳುವುದಿಲ್ಲ.

ಹಾಗಾಗಿ ಒಬ್ಬೊಬ್ಬರು ಒಂದಾದರೂ ಪುಸ್ತಕ ಕೊಳ್ಳೋಣ. ಅಂಗಡಿಯಲ್ಲಿ ಪುಟ ತಿರುವಿ, ಅಲ್ಲೇ ನಿಂತು ಮೊಬೈಲ್‌ನಲ್ಲಿ ಅಮೆಜಾನ್ ರೇಟು ನೋಡುವುದು ಬೇಡ. (ಕಳೆದ ಬಾರಿ ಹಾಗೆ ಮಾಡಿ ಸಿಕ್ಕಿಬಿದ್ದವನು ನಾನೇ.)

ಬೇಕಾದ ಪುಸ್ತಕದ ಹೆಸರನ್ನು ಬುಧವಾರದೊಳಗೆ ಇಲ್ಲಿ ಹಾಕಿ, ತರಿಸಿಡುತ್ತಾರೆ. ಕಾರು ಬೇಡ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಸಿಟಿ ಬಸ್ಸೇ ಸಲೀಸು. ಚೀಲ ಮರೆಯಬೇಡಿ.

ಬರುವವರು ಸುಮ್ನೆ ಒಂದು ಹೆಬ್ಬೆಟ್ಟು ಒತ್ತಿ, ಸಾಕು.